ಪುಸ್ತಕದಲ್ಲಿ ಇಲ್ಲದ ಸಾಲು

ಜೂನ್ ೧೧

ಒಂಬತ್ತನೇ ತರಗತಿಯ ಸಿ ವಿಭಾಗ ಇವತ್ತು ನನ್ನ ಕೊರಳಿಗೆ ಬಿತ್ತು. ಚುರುಕಾದ ಮಕ್ಕಳು ಎ ವಿಭಾಗಕ್ಕೆ, ಸಾಧಾರಣದವರು ಬಿ ವಿಭಾಗಕ್ಕೆ, ಯಾರಿಗೂ ಬೇಡವಾದವರು ಸಿ ವಿಭಾಗಕ್ಕೆ. ಅಲ್ಲಿ ಹಿಂದೆ ಗಣಿತ ಹೇಳುತ್ತಿದ್ದ ಮೇಷ್ಟ್ರು ದವಡೆ ಮುರಿಸಿಕೊಂಡು ಹೋದರು. ಮುರಿದವಳು ಒಬ್ಬ ಹುಡುಗಿ. ಡಸ್ಟರಿನ ಮರದ ಬದಿಯಿಂದ ಒಂದೇ ಏಟು. ಅಂದಿನಿಂದ ಅವಳಿಗೆ ಸುತ್ತಿಗೆ ಎಂದೇ ಹೆಸರು. ಹಾಜರಿ ಕೂಗುವಾಗ ನಿಜವಾದ ಹೆಸರಿಗೆ ಅವಳು ಓಗೊಡುವುದೂ ಇಲ್ಲ.

ಮುಖ್ಯೋಪಾಧ್ಯಾಯಿನಿ, ನಮ್ಮೆಲ್ಲರ ಬಾಯಲ್ಲಿ ದೊಡ್ಡ ಮೇಡಂ, ನನ್ನನ್ನು ಕೂರಿಸಿಕೊಂಡು ನೇರವಾಗಿಯೇ ಹೇಳಿದರು. ಇನ್ನೊಂದು ಹೊಡೆದಾಟ ಆಡಳಿತ ಮಂಡಳಿಯ ಕಿವಿಗೆ ಬಿದ್ದರೆ ಸಿ ವಿಭಾಗವನ್ನೇ ಮುಚ್ಚುತ್ತಾರೆ, ಮಕ್ಕಳು ಮನೆಗೆ, ನಾನೂ ಮನೆಗೆ.

ಮೊದಲ ಪಿರಿಯಡ್ಡಿನಲ್ಲೇ ಒಬ್ಬ ಪಕ್ಕದವನ ಅಂಗೈಗೆ ಕೈವಾರದ ಮುಳ್ಳು ಚುಚ್ಚಿದ. ನಾನು ಕರವಸ್ತ್ರ ಸುತ್ತಿ ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆದೊಯ್ದೆ. ದಾರಿಯಲ್ಲಿ ಡ್ರಿಲ್ ಮಾಸ್ತರರು ಸಿಕ್ಕಿ ತಮ್ಮ ಬೆತ್ತ ಚಾಚಿದರು, ಇಟ್ಟುಕೊಳ್ಳಿ ಬೇಕಾಗುತ್ತದೆ ಎಂದರು. ಬೇಡವೆಂದೆ. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಮಗುವಿನ ಕಿವಿಯನ್ನೂ ಹಿಂಡಿದವನಲ್ಲ ನಾನು. ಹೊಡೆಯುವವರನ್ನು ಕಂಡರೆ ಹೇಸಿಗೆ.

ಮನೆಯಲ್ಲಿ ಹೇಳಿದಾಗ ಇವಳು, ನನ್ನ ಹೆಂಡತಿ, ನಕ್ಕಳು. ಆಸ್ಪತ್ರೆಯಲ್ಲಿ ನರ್ಸಾಗಿರುವವಳಿಗೆ ಕೈವಾರದ ಗಾಯ ಯಾವ ಲೆಕ್ಕ. ಮಗಳು ಮಾತ್ರ ತಟ್ಟೆಯಿಂದ ತಲೆಯೆತ್ತಲಿಲ್ಲ. ಅವಳೂ ಅದೇ ಶಾಲೆ, ಒಂಬತ್ತನೇ ತರಗತಿಯ ಎ ವಿಭಾಗ. ಸಿ ವಿಭಾಗದವರನ್ನು ಕಂಡರೆ ಅವರಿಗೆಲ್ಲ ಹೆದರಿಕೆ.

ಜೂನ್ ೧೯

ಪಾಠ ನಡೆಯುತ್ತಿಲ್ಲ. x ಎಂದು ಬರೆದರೆ ಹಿಂದಿನ ಬೆಂಚಿನಿಂದ ಮುತ್ತಿಕ್ಕುವ ಸದ್ದು. ಇವತ್ತು ಬೆಂಚಿನ ಕಾಲು ಕಿತ್ತು ಇಬ್ಬರು ಬಡಿದಾಡಿದರು, ನಡುವೆ ಹೋದ ನನ್ನ ಮೊಣಕೈ ಊದಿದೆ.

ಏನು ತೋಚಿತೋ, ಕೈ ಹಿಡಿದುಕೊಂಡೇ ಒಂದು ಕಥೆ ಶುರು ಮಾಡಿದೆ. ನನ್ನ ಹಳೆಯ ಹುಚ್ಚು ಗಣಿತದ ಚರಿತ್ರೆ. ಮನೆಯ ಬೀರು ತುಂಬ ಅದೇ ಪುಸ್ತಕಗಳು, ಕೇಳುವವರು ಯಾರೂ ಇರಲಿಲ್ಲ. ಐನೂರು ವರ್ಷದ ಹಿಂದೆ ಒಂದು ಪಟ್ಟಣಕ್ಕೆ ಸೈನ್ಯ ನುಗ್ಗಿತು. ಚರ್ಚಿನಲ್ಲಿ ಅಡಗಿದ್ದ ಒಬ್ಬ ಹುಡುಗನ ದವಡೆಗೆ ಸೈನಿಕನೊಬ್ಬ ಕತ್ತಿ ಬೀಸಿದ. ವೈದ್ಯರಿಗೆ ಕೊಡಲು ಗತಿಯಿಲ್ಲದ ತಾಯಿ ತಾನೇ ಆರೈಕೆ ಮಾಡಿ ಉಳಿಸಿಕೊಂಡಳು. ಅವನಿಗೆ ಜೀವಮಾನವೆಲ್ಲ ತೊದಲು. ಆ ತೊದಲನೇ ಮುಂದೆ ದೊಡ್ಡ ದೊಡ್ಡ ಪಂಡಿತರಿಗೆ ಬಗ್ಗದ ಘನ ಸಮೀಕರಣವನ್ನು ಬಗ್ಗಿಸಿದ.

ತರಗತಿ ಕಿಮಕ್ಕೆನ್ನಲಿಲ್ಲ. ದವಡೆ ಎಂದಾಗ ಎಲ್ಲರೂ ಸುತ್ತಿಗೆಯ ಕಡೆ ನೋಡಿದರು. ಅವಳು ಕೇಳಿದಳು, "ಕತ್ತಿ ಎಷ್ಟು ಆಳ ಹೋಯ್ತು ಸಾರ್?"

ಬಾಯಿಯ ಒಳಗಿನವರೆಗೆ ಎಂದೆ. ಖುಷಿಪಟ್ಟರು. ಖುಷಿಯಲ್ಲೇ ಒಂದು ಲೆಕ್ಕ ಮಾಡಿಸಿದೆ. ಮಾಡಿದರು.

ಜುಲೈ ೩

ಸಿ ವಿಭಾಗಕ್ಕೆ x ಬೇಕಿಲ್ಲ. ನಾಲ್ಕು ಸಾವಿರ ವರ್ಷದ ಹಿಂದೆ ಲಿಪಿಕಾರರು ಜೊಂಡುಹುಲ್ಲಿನಿಂದ ಮಾಡಿದ ಹಾಳೆಯ ಮೇಲೆ ಮಾಡುತ್ತಿದ್ದ ಹಾಗೆ ತಪ್ಪು ಊಹೆಯಿಂದ ಮಾಡಿಸುತ್ತಿದ್ದೇನೆ. ಒಂದು ಸಂಖ್ಯೆಗೆ ಅದರದೇ ಕಾಲು ಭಾಗ ಸೇರಿಸಿದರೆ ಹದಿನೈದು, ಸಂಖ್ಯೆ ಯಾವುದು? ನಾಲ್ಕು ಎಂದುಕೋ. ತಪ್ಪೆಂದು ಗೊತ್ತಿದ್ದೇ ಅಂದುಕೋ. ನಾಲ್ಕಕ್ಕೆ ಅದರ ಕಾಲು ಸೇರಿಸಿದರೆ ಐದು. ಬೇಕಾದದ್ದು ಐದರ ಮೂರು ಪಟ್ಟು. ಹಾಗಾದರೆ ನಾಲ್ಕರ ಮೂರು ಪಟ್ಟು, ಹನ್ನೆರಡು. ಮುಗಿಯಿತು.

ಹುಟ್ಟಿದಂದಿನಿಂದ ತಪ್ಪು ತಪ್ಪು ಎಂದು ಬೈಸಿಕೊಂಡ ಮಕ್ಕಳು. ತಪ್ಪಿನಿಂದಲೇ ಶುರು ಮಾಡಬಹುದು ಎಂದಾಗ ಅವರ ಮುಖ ನೋಡಬೇಕಿತ್ತು. ಎಲ್ಲರಿಗಿಂತ ಬೇಗ ಹಿಡಿದವನು ಪಿಸುಮಾತು. ಕಡ್ಡಿಯಂಥ ಹುಡುಗ, ಗಂಟಲಿನಿಂದ ದನಿ ಮೇಲೇಳುವುದೇ ಇಲ್ಲ, ಅದಕ್ಕೇ ಆ ಹೆಸರು. ಬಾಯಿ ಹತ್ತಿರ ಕಿವಿಯಿಟ್ಟರೆ ಉತ್ತರ ಸರಿಯಾಗಿರುತ್ತದೆ. ಸಂತೋಷಕ್ಕೆ ಕಣ್ಣು ತುಂಬಿ ಬಂತು ನನಗೆ.

ಜುಲೈ ೧೭

ತೊದಲನ ಕಾಲದಲ್ಲಿ ಪಂಡಿತರು ಬಹಿರಂಗವಾಗಿ ಸವಾಲು ಹಾಕುತ್ತಿದ್ದರು. ಇವನು ಅವನಿಗೆ ಲೆಕ್ಕ ಕೊಡಬೇಕು, ಅವನು ಇವನಿಗೆ. ಸೋತವನ ಮಾನ ಹೋಯಿತು, ಕೆಲಸವೂ ಹೋಗಬಹುದು. ಹಾಗಾಗಿ ಒಳ್ಳೆಯ ವಿಧಾನ ಸಿಕ್ಕಿದರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತೊದಲನ ಗುಟ್ಟನ್ನು ಒಬ್ಬ ಆಣೆ ಪ್ರಮಾಣ ಮಾಡಿ ಕೇಳಿಕೊಂಡು, ಆಮೇಲೆ ಪುಸ್ತಕದಲ್ಲಿ ಅಚ್ಚು ಹಾಕಿಸಿಬಿಟ್ಟ. ಇದನ್ನು ಕೇಳಿ ಸಿ ವಿಭಾಗ ಬುಸುಗುಟ್ಟಿತು.

ನಾನು ಎ ವಿಭಾಗಕ್ಕೆ ಸವಾಲು ಕಳಿಸಿದೆ. ಅಲ್ಲಿನ ಗಣಿತದ ಮೇಡಂ ಹೊಸಬರು, ಎಲ್ಲವೂ ಪರದೆಯ ಮೇಲೆ ಬಣ್ಣಬಣ್ಣದಲ್ಲಿ. ನಗುತ್ತಲೇ ಒಪ್ಪಿಕೊಂಡರು. ಸಿ ವಿಭಾಗದವರು ಅಂಗೈ ಮೇಲೆ ಅಂಗೈಯಿಟ್ಟು ತಪ್ಪು ಊಹೆಯ ಗುಟ್ಟು ಹೊರಗೆ ಬಿಡುವುದಿಲ್ಲವೆಂದು ಆಣೆ ಮಾಡಿದರು. ನಾನೂ ಕೈಯಿಟ್ಟೆ.

ಜುಲೈ ೨೬

ಗೆದ್ದೆವು. ಚಿಂದಿ ಮಾಡಿದೆವು.

ಎ ವಿಭಾಗ x ಹಿಡಿದು ತಡಕಾಡುವಷ್ಟರಲ್ಲಿ ನಮ್ಮವರು ಬಾಯಲ್ಲೇ ಉತ್ತರ ಎಸೆದರು. ಸೋತವರು ಕಪ್ಪುಹಲಗೆ ಒರೆಸಬೇಕೆಂದು ಮೊದಲು ಮಾತಾಗಿತ್ತು. ನಮ್ಮವರಿಗೆ ಸಪ್ಪೆಯೆನಿಸಿತು. ಮೈದಾನದ ಜಲ್ಲಿಯ ಮೇಲೆ ಮಂಡಿಯೂರಲಿ, ನಾವು ಏಳು ಅಂದಾಗ ಏಳಲಿ ಎಂದಳು ಸುತ್ತಿಗೆ. ಮೇಡಂ ನನ್ನ ಮುಖ ನೋಡಿದರು. ಆಟ ತಾನೇ ಎಂದೆ.

ಬಿಸಿಲಿತ್ತು. ಮೂರನೇ ಸಾಲಿನಲ್ಲಿ ಮಗಳಿದ್ದಳು. ಅವಳೊಬ್ಬಳನ್ನು ಎಬ್ಬಿಸಿದ್ದರೆ ಪಕ್ಷಪಾತವಾಗುತ್ತಿತ್ತು. ಆ ಕಡೆ ನೋಡಲಿಲ್ಲ.

ಸಂಜೆ ಇವಳು ಮಗಳ ಮಂಡಿಯಿಂದ ಚಿಮಟದಲ್ಲಿ ಜಲ್ಲಿಯ ಚೂರು ತೆಗೆಯುತ್ತ ಒಂದು ಮಾತೂ ಆಡಲಿಲ್ಲ. ಮಾತಾಡದೆ ಕೊಲ್ಲುವುದು ಇವಳ ಹಳೆಯ ವಿದ್ಯೆ. ಮಗಳನ್ನು ನಗಿಸೋಣವೆಂದು, ನಿಮ್ಮ ಮೇಡಂ ಪರದೆ ಮಡಚಿಕೊಂಡು ಮನೆಗೆ ಹೋಗಲಿ ಎಂದೆ. ನಗಲಿಲ್ಲ. ಸೋತವರಿಗೆ ಹಾಸ್ಯ ಹತ್ತುವುದಿಲ್ಲ.

ಆಗಸ್ಟ್ ೮

ಊಟಕ್ಕೆ ಕೂತಾಗ ನಾಳೆಯ ಕಥೆಯನ್ನು ಇವರಿಬ್ಬರ ಮುಂದೆ ಹೇಳಿ ನೋಡಿದೆ. ಚೌಕದ ಕರ್ಣವನ್ನು ಯಾವ ಭಿನ್ನರಾಶಿಯಿಂದಲೂ ಅಳೆಯಲಾಗದು ಎಂಬುದು ಒಂದು ಗುರುಕುಲದ ಗುಟ್ಟು. ಅದನ್ನು ಹೊರಗೆ ಹೇಳಿದವನನ್ನು ಕಡಲಿನಲ್ಲಿ ಮುಳುಗಿಸಿದರಂತೆ. ಪುಸ್ತಕದಲ್ಲಿ ಇಷ್ಟೇ ಇದೆ, ಅದೂ ಕಟ್ಟುಕಥೆಯೇ ಇರಬೇಕು ಎಂಬ ಟಿಪ್ಪಣಿಯೊಂದಿಗೆ. ಇಷ್ಟಕ್ಕೆ ಸಿ ವಿಭಾಗ ಆಕಳಿಸುತ್ತದೆ. ಅವನ ಸೊಂಟದ ಪಟ್ಟಿಯನ್ನೇ ಬಿಚ್ಚಿ ಅವನ ಕಾಲು ಕಟ್ಟಿದರು, ಕೂದಲು ಹಿಡಿದು ತಲೆಯನ್ನು ನೀರಿಗೆ ಅದುಮಿದರು, ಗುಳ್ಳೆ ನಿಲ್ಲುವವರೆಗೆ ಎಲ್ಲರೂ ಸುಮ್ಮನೆ ನಿಂತು ನೋಡಿದರು ಎಂದು ನಾನು ಸೇರಿಸಿದೆ. ಸೊಂಟಪಟ್ಟಿಯ ವಿವರ ಬಹಳ ಚೆನ್ನಾಗಿ ಬಂದಿದೆ, ಪುಸ್ತಕದಲ್ಲಿಲ್ಲ, ನಾನೇ ಸೇರಿಸಿದ್ದು ಎಂದು ಇವರಿಗೂ ಹೇಳಿಕೊಂಡೆ. ಒಂದು ವಿವರ ಸರಿಯಾಗಿ ಕೂತರೆ ಉಳಿದದ್ದೆಲ್ಲ ನಿಜವೆನಿಸುತ್ತದೆ.

ಮಗಳು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡಳು. ಇವಳು, "ರೀ, ಊಟದ ಹೊತ್ತಲ್ಲಿ ಯಾಕೆ ಇದೆಲ್ಲ" ಎಂದಳು. ನೀರಿನ ಲೋಟ ನನ್ನ ಕೈ ತಗುಲಿ ಗೋಡೆಗೆ ಬಡಿದು ಒಡೆಯಿತು.

ಆಗಸ್ಟ್ ೯

ಕಥೆ ಗೆದ್ದಿತು. ಎರಡು ಸಲ ಹೇಳಿಸಿಕೊಂಡರು. ಕೊನೆಯಲ್ಲಿ ಪಿಸುಮಾತು ಕೈಯೆತ್ತಿದ. ಕಿವಿಯಿಟ್ಟೆ. "ಗೊತ್ತಾದ್ದನ್ನ ಹೇಳಿದ್ದು ತಪ್ಪಾ ಸಾರ್?"

ಒಳ್ಳೆಯ ಪ್ರಶ್ನೆ, ಆದರೆ ಹೊತ್ತಾಗಿತ್ತು. ಆಣೆ ಮುರಿದದ್ದು ತಪ್ಪು ಎಂದೆ.

ಆಗಸ್ಟ್ ೩೦

ಸೋತೆವು.

ಎರಡನೇ ಸವಾಲು, ಆಡಳಿತ ಮಂಡಳಿಯವರ ಎದುರಿಗೆ. ಎ ವಿಭಾಗದವರು x ಮುಟ್ಟಲಿಲ್ಲ. ನಾಲ್ಕು ಎಂದುಕೋ, ಐದು ಎಂದುಕೋ ಎಂದು ನಮ್ಮ ಗುಟ್ಟನ್ನೇ ನಮ್ಮ ಮುಖಕ್ಕೆ ರಾಚಿದರು. ನನ್ನ ಮಗಳು ಎಲ್ಲರಿಗಿಂತ ಮುಂದೆ. ಹಲಗೆಯ ಮುಂದೆ ನಿಂತು ಪಟಪಟನೆ ಬಿಡಿಸಿದಳು. ದೊಡ್ಡ ಮೇಡಂ ಚಪ್ಪಾಳೆ ತಟ್ಟಿದರು. ಅಪ್ಪನಾಗಿ ಹೆಮ್ಮೆಪಡಬೇಕಿತ್ತು. ಪಡುವುದಕ್ಕೆ ಆಗಲಿಲ್ಲ.

ಆಮೇಲೆ ನಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕೇಳಿದೆ, ಹೇಳಿದವರು ಯಾರು? ಸಿಕ್ಕಿದ ಒಂದು ಸ್ಕೇಲಿನಿಂದ ಮೇಜಿಗೆ ಬಡಿದೆ, ತುಂಡಾಯಿತು. ಹಳೆಯ ಕಾಲವಾಗಿದ್ದರೆ ಇಂಥವನಿಗೆ ಏನು ಮಾಡುತ್ತಿದ್ದರು, ನಿಮಗೇ ಗೊತ್ತಲ್ಲ ಎಂದೆ. ಹಿಂದಿನ ಬೆಂಚು ಗೊತ್ತು ಎಂದಿತು.

ಮನೆಗೆ ಬಂದು ಮಗಳನ್ನು ಕೇಳಿದೆ. ತನಗೇ ಹೊಳೆಯಿತು ಎಂದಳು. ಸುಳ್ಳು ಹೇಳುವಾಗ ಅವಳು ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಳ್ಳುತ್ತಾಳೆ. ಇವಳು ಅಡ್ಡ ಬಂದಳು. ಬಾಗಿಲನ್ನು ನಾನು ಸ್ವಲ್ಪ ಜೋರಾಗಿಯೇ ಎಳೆದಿರಬೇಕು, ಇವಳ ಬೆರಳು ಸಂದಿಯಲ್ಲಿತ್ತು. ಗಾಯ ಕಟ್ಟುವುದು ಇವಳಿಗೆ ಬರುತ್ತದೆ, ತಾನೇ ಕಟ್ಟಿಕೊಂಡಳು.

ಸೆಪ್ಟೆಂಬರ್ ೨

ಪಿಸುಮಾತು ಆಸ್ಪತ್ರೆಯಲ್ಲಿದ್ದಾನೆ.

ಶಾಲೆಯ ಹಿಂಬದಿಯ ನೀರಿನ ತೊಟ್ಟಿ. ಮಧ್ಯಾಹ್ನದ ಬಿಡುವಿನಲ್ಲಿ. ಗುಟ್ಟು ಹೇಳಿದವನು ಅವನೇ ಎಂದು ಅದು ಹೇಗೋ ನಮ್ಮ ಹುಡುಗರಿಗೆ ಗೊತ್ತಾಗಿದೆ. ಅಟೆಂಡರ್ ಕೂಗಿದ್ದನ್ನು ಕೇಳಿ ನಾನೂ ಡ್ರಿಲ್ ಮಾಸ್ತರರೂ ಓಡಿದೆವು. ನಮ್ಮ ತರಗತಿಯವರು ತೊಟ್ಟಿಯ ಸುತ್ತ ಸುಮ್ಮನೆ ನಿಂತಿದ್ದರು. ಗಲಾಟೆಯಿಲ್ಲ, ನೂಕಾಟವಿಲ್ಲ. ನಾನು ಪಾಠ ಹೇಳುವಾಗ ಇರುವಷ್ಟೇ ಶಿಸ್ತು.

ಎತ್ತಿ ನೆಲಕ್ಕೆ ಹಾಕಿದಾಗ ತುಟಿ ನೀಲಿ, ಮೂಗಿನಿಂದ ರಕ್ತ, ಹಣೆ ತೊಟ್ಟಿಯ ಅಂಚಿಗೆ ಬಡಿದು ಬಾಯಿ ಬಿಟ್ಟಿತ್ತು. ಒಂದು ಹಿಡಿ ಕೂದಲು ನೀರಿನ ಮೇಲೆ ತೇಲುತ್ತಿತ್ತು. ಡ್ರಿಲ್ ಮಾಸ್ತರರು ಎದೆ ಒತ್ತಿ ಒತ್ತಿ ನೀರು ಕಕ್ಕಿಸಿದರು. ಒತ್ತಿದ ರಭಸಕ್ಕೆ ಪಕ್ಕೆಲುಬು ಲಟಕ್ಕೆಂದದ್ದು ನನಗೆ ಕೇಳಿಸಿತು.

ಕಾಲುಗಳನ್ನು ಅವನದೇ ಬೆಲ್ಟಿನಿಂದ ಕಟ್ಟಿದ್ದರು.

ಅದು ಯಾವ ಪುಸ್ತಕದಲ್ಲೂ ಇಲ್ಲ.

ಸೆಪ್ಟೆಂಬರ್ ೪

ಅವನಿರುವುದು ಇವಳ ವಾರ್ಡಿನಲ್ಲೇ. ಕಣ್ಣು ಬಿಟ್ಟಿದ್ದಾನಂತೆ, ತಾಯಿಯ ಗುರುತು ಸಿಗುತ್ತಿಲ್ಲವಂತೆ. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಇವಳು ಇದನ್ನು ಗೋಡೆಗೆ ಹೇಳುವ ಹಾಗೆ ಹೇಳಿ, ಮಗಳ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ನಾನೇನು ತೊಟ್ಟಿಯ ಹತ್ತಿರ ಇದ್ದೆನೇ? ಚರಿತ್ರೆ ಹೇಳಿದೆ. ಚರಿತ್ರೆಯಲ್ಲಿ ರಕ್ತವಿದ್ದರೆ ಅದು ಹೇಳಿದವನ ತಪ್ಪೇ? ಸುಮ್ಮನೆ x ಬರೆದುಕೊಂಡಿದ್ದರೆ ನನ್ನ ದವಡೆಯೂ ಹೋಗಿರುತ್ತಿತ್ತು, ಆಗ ಯಾರು ವಿಚಾರಣೆ ಮಾಡುತ್ತಿದ್ದರು?

ಸಂಜೆ ಬೀದಿಯಲ್ಲಿ ಒಂದು ನಾಯಿ ಸುಮ್ಮನೆ ಬೊಗಳುತ್ತಲೇ ಇತ್ತು. ಕಲ್ಲು ತೂರಿದೆ. ಗುರಿ ಇಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಸೆಪ್ಟೆಂಬರ್ ೧೧

ವಿಚಾರಣೆ ಶುರುವಾಗಿದೆ. ಆಡಳಿತ ಮಂಡಳಿಯ ಮೂವರು, ದೊಡ್ಡ ಮೇಡಂ, ಪಿಸುಮಾತಿನ ತಾಯಿ. ಆಕೆ ಹೊಲಿಗೆಯ ಕೆಲಸದವಳು, ಸೆರಗಿಗೆ ಸೂಜಿ ಚುಚ್ಚಿಕೊಂಡೇ ಬಂದಿದ್ದಳು, ತೆಗೆಯಲು ಮರೆತಿರಬೇಕು. ಕಾಲು ಕಟ್ಟುವುದನ್ನು ಮಕ್ಕಳಿಗೆ ಯಾರು ಹೇಳಿಕೊಟ್ಟರು ಎನ್ನುವುದೇ ಅವರ ಪ್ರಶ್ನೆ. ತಮಗೇ ಹೊಳೆದದ್ದೋ, ಯಾರಾದರೂ ಹೇಳಿದ್ದೋ.

ಸಿ ವಿಭಾಗದವರು ಒಬ್ಬೊಬ್ಬರಾಗಿ ಬಂದರು. ಸಾರ್ ಏನೂ ಹೇಳಿಲ್ಲ. ಸಾರ್ ಲೆಕ್ಕ ಹೇಳ್ಕೊಡ್ತಾರೆ. ಸಾರ್ ಒಳ್ಳೇವ್ರು. ಎಲ್ಲರದೂ ಅದೇ ಮೂರು ಮಾತು. ಸುತ್ತಿಗೆಯಂತೂ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟಳು. ಅವರ ಮೇಲೆ ಇಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ. ಆಣೆ ಎಂದರೆ ಹೀಗಿರಬೇಕು.

ನಾಳೆ ಮಗಳನ್ನು ಕರೆದಿದ್ದಾರೆ. ಗುಟ್ಟು ಎ ವಿಭಾಗಕ್ಕೆ ಹೇಗೆ ಬಂತು ಎಂದು ಕೇಳಲು ಅಷ್ಟೇ. ಅವಳ ಪಕ್ಕ ಕೂತು ನಿಧಾನವಾಗಿ ಹೇಳಿದೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಮನೆಯ ಮಾತು ಮನೆಯಲ್ಲಿರಲಿ. ಮೆಲ್ಲನೆ ಅವಳ ತಲೆ ಸವರಿದೆ. ಕೈಯಡಿಯಲ್ಲಿ ಅವಳ ಕತ್ತು ಕಲ್ಲಿನ ಹಾಗಿತ್ತು.

ಸೆಪ್ಟೆಂಬರ್ ೧೨

ಬರೆದು ಮುಗಿಸಿಬಿಡುತ್ತೇನೆ, ಆಮೇಲೆ ಇದರ ಗೊಡವೆ ಬೇಡ.

ಮಗಳು ಸಮವಸ್ತ್ರದಲ್ಲಿ ಬಂದಳು. ಪಿಸುಮಾತಿನ ಹತ್ತಿರ ಗುಟ್ಟು ಕೇಳಿ ತಿಳಿದವಳು ತಾನೇ ಎಂದಳು. ಅವಳ ಮಾತು ಇದ್ದ ಹಾಗೆಯೇ ಬರೆಯುತ್ತೇನೆ. "ಹೋದ ಸಲ ಮಂಡಿಯೂರಿದ್ದು ಇನ್ನೂ ಮಾಸಿಲ್ಲ. ಇನ್ನೊಂದ್ಸಲ ಆಗಲ್ಲ ಅಂತ ಅವನ ಹತ್ರ ಅತ್ತೆ. ಅವನು ಪಾಪ ಹೇಳ್ಕೊಟ್ಟ. ಗೊತ್ತಾದ್ದನ್ನ ಹೇಳಿದ್ರೆ ತಪ್ಪಿಲ್ಲ ಅಂದ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಮುಂದಕ್ಕೆ ಕೇಳಿರಲಿಲ್ಲ. ಅವಳು ಆ ತಾಯಿಯ ಕಡೆ ತಿರುಗಿದಳು.

"ಬೆಲ್ಟ್‌ದು ಅಪ್ಪ ಹೇಳಿದ್ದು. ಊಟಕ್ಕೆ ಕೂತಾಗ ನಮಗೂ ಹೇಳಿದ್ರು. ಪುಸ್ತಕದಲ್ಲಿಲ್ಲ, ನಾನೇ ಸೇರಿಸ್ದೆ ಅಂತ ಖುಷಿಪಟ್ಟಿದ್ರು."

ನಾನು ಕುರ್ಚಿಯಿಂದ ಎದ್ದೆ. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಕುರ್ಚಿ ಬಿತ್ತು. ಮಗಳು ಮೇಜಿನ ಮೂಲೆಗೆ ಬಿದ್ದಳು. ಅವಳ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು, ನನ್ನ ಬಲಗೈ ಉರಿಯುತ್ತಿತ್ತು, ಅದು ಮತ್ತೆ ಮೇಲೆದ್ದಿತ್ತು. ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದರು. ಆಡಳಿತ ಮಂಡಳಿಯವರಲ್ಲ, ಅವರೆಲ್ಲ ಗೋಡೆಗೆ ಅಂಟಿಕೊಂಡಿದ್ದರು. ಕಾರಿಡಾರಿನಲ್ಲಿ ಕಾದಿದ್ದ ಸುತ್ತಿಗೆ ಓಡಿ ಬಂದಿದ್ದಳು. ದವಡೆ ಮುರಿಯುವ ಹುಡುಗಿ, ಮನಸ್ಸು ಮಾಡಿದ್ದರೆ ನನ್ನ ಕೈ ತಿರುಚಬಹುದಿತ್ತು. ತಿರುಚಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು.

"ಸಾಕು ಸಾರ್," ಎಂದಳು. ಅಳುತ್ತಿದ್ದಳು. ಅಳುತ್ತಲೇ ಅವರ ಕಡೆ ತಿರುಗಿ, ತೊಟ್ಟಿಗೆ ಹಾಕಿದ್ದು ನಾವು, ಕೂದಲು ಹಿಡಿದದ್ದು ನಾನು, ಹೇಗೆಂದು ಹೇಳಿಕೊಟ್ಟದ್ದು ಸಾರ್ ಎಂದುಬಿಟ್ಟಳು.

ಅವಳೂ ಆಣೆ ಮುರಿದಳು.

ಸೆಪ್ಟೆಂಬರ್ ೨೯

ಅಕ್ಕನ ಮನೆಯ ಮಹಡಿ ಕೋಣೆ. ನೌಕರಿಯಿಂದ ಅಮಾನತು ಮಾಡಿದ್ದಾರೆ, ಪೊಲೀಸಿನವರು ಎರಡು ಸಲ ಬಂದು ಹೋದರು. ಸುತ್ತಿಗೆಯನ್ನೂ ಇನ್ನಿಬ್ಬರನ್ನೂ ಮಕ್ಕಳ ಸುಧಾರಣಾ ಗೃಹಕ್ಕೆ ಕಳಿಸಿದ್ದಾರಂತೆ. ಪಿಸುಮಾತಿಗೆ ಇನ್ನೂ ಮಾತು ಬಂದಿಲ್ಲ. ಮಗಳ ಹುಬ್ಬಿಗೆ ಹೊಲಿಗೆ ಹಾಕಿದವಳು ಇವಳೇ ಎಂದು ಅಕ್ಕ ಹೇಳಿದಳು. ನನ್ನನ್ನು ನೋಡಲು ಇಬ್ಬರೂ ಬರುವುದಿಲ್ಲವಂತೆ. ಹೇಳಿ ಮುಗಿಸಿದವಳು ಊಟದ ತಟ್ಟೆಯನ್ನು ಹೊಸ್ತಿಲಲ್ಲೇ ಇಟ್ಟು ಕೆಳಗಿಳಿದಳು, ಒಳಗೆ ಬರಲಿಲ್ಲ. ಈ ಮನೆಯಲ್ಲೂ ಎಲ್ಲರೂ ಒಂದು ಥರಾ ಆಡುತ್ತಾರೆ.

ಬಿಡುವು ಬೇಕಾದಷ್ಟಿದೆ. ಮತ್ತೆ ಕರೆಯುತ್ತಾರೆ, ಕರೆಯದೆ ಎಲ್ಲಿಗೆ ಹೋಗುತ್ತಾರೆ, ಆ ಮಕ್ಕಳನ್ನು ಇನ್ನು ಯಾರು ಹಿಡಿಯುತ್ತಾರೆ. ಅದಕ್ಕೇ ಮುಂದಿನ ಪಾಠ ಸಿದ್ಧಮಾಡುತ್ತಿದ್ದೇನೆ. ವೃತ್ತದ ಪಾಠ. ಪಟ್ಟಣ ಶತ್ರುಗಳ ವಶವಾದ ದಿನ ಒಬ್ಬ ಮುದುಕ ಮಣ್ಣಿನ ಮೇಲೆ ವೃತ್ತ ಬರೆಯುತ್ತ ಕೂತಿದ್ದ. ಸೈನಿಕನೊಬ್ಬ ಬಂದು ಎದ್ದೇಳು ಎಂದ. ನನ್ನ ವೃತ್ತ ಕೆಡಿಸಬೇಡ ಎಂದ ಮುದುಕ. ಸೈನಿಕ ಕತ್ತಿಯಿಂದ ಅಲ್ಲೇ ಮುಗಿಸಿದ.

ಈ ಕಥೆ ಹೇಳುವವರೆಲ್ಲ ಮುದುಕನಿಗೆ ಮರುಗುತ್ತಾರೆ. ನಾನೂ ಮರುಗುತ್ತಿದ್ದವನೇ. ಇವತ್ತು ಬರೆಯುತ್ತ ಕೂತಾಗ ಅನಿಸಿತು, ಆ ಸೈನಿಕನನ್ನು ಯಾರೂ ಏನಾಯಿತೆಂದು ಕೇಳಲೇ ಇಲ್ಲವಲ್ಲ. ಅವನೂ ದಣಿದಿದ್ದಿರಬೇಕು. ಎಷ್ಟು ಸಲ ಒಳ್ಳೆಯ ಮಾತಿನಲ್ಲಿ ಕರೆದನೋ ಏನೋ. ಕರೆದಾಗ ತಲೆಯೆತ್ತದಿದ್ದರೆ ಯಾರಿಗಾದರೂ ರೇಗುತ್ತದೆ.